ಒಂದು ರಾತ್ರಿ ಮಲಗಿಸಬೇಕಾದ ಬ್ರಾಕೆಟ್: ಯುದ್ಧವಿಮಾನದ ತಡ, ಪೀಣ್ಯದಿಂದ ನೋಡಿದಾಗ

ಈ ಪ್ರಕರಣದ ನಡುವೆ ಇರುವುದು ಅಂಗೈಯಗಲದ ಒಂದು ಅಲ್ಯೂಮಿನಿಯಂ ಬ್ರಾಕೆಟ್. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲ. ದಪ್ಪ ಪ್ಲೇಟಿನ ತುಂಡೊಂದನ್ನು ಮಷೀನಿಗೆ ಕಟ್ಟಿ ಹತ್ತರಲ್ಲಿ ಒಂಬತ್ತು ಪಾಲು ಕೊರೆದು ಹಾಕಿದ ಮೇಲೆ ಉಳಿಯುವ ವಸ್ತು. ಗೋಡೆಗಳ ದಪ್ಪ ಎರಡು ಮಿಲಿಮೀಟರ್. ಅದರಲ್ಲಿ ನಾಲ್ಕು ರಂಧ್ರ. ಇದು ತೇಜಸ್ ಯುದ್ಧವಿಮಾನದೊಳಗೆ ಎಲ್ಲೋ ಒಂದು ಕಡೆ ಕೂರುತ್ತದೆ. ಎಲ್ಲಿ ಅಂತ ಮಾಡಿದವರಿಗೂ ಸರಿಯಾಗಿ ಗೊತ್ತಿಲ್ಲ.

ಮಾಡಿದ್ದು ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಘಟಕ. ನಾನು ಇಂಥ ಘಟಕಗಳಿಗೆ ಕ್ವಾಲಿಟಿ ಕಾಗದಪತ್ರ ಮಾಡಿಕೊಡುವವನು. ಗುರುತು ಸಿಗಬಾರದು ಅಂತ ಭಾಗದ ವಿವರ, ಕೆಲವು ತಿಂಗಳು, ಕೆಲಸಗಾರರ ಸಂಗತಿ ಬದಲಿಸಿದ್ದೇನೆ. ಅವರಿಗೆ ಆರ್ಡರ್ ಕೊಡುತ್ತಿದ್ದ ನಡುವಿನ ಕಂಪನಿಯ ಹೆಸರನ್ನೂ ಹೇಳುವುದಿಲ್ಲ. ನಡೆದದ್ದು ಮಾತ್ರ ಹೀಗೆಯೇ.

ದೊಡ್ಡ ಕಥೆ, ಬೇಗ ಬೇಗ

ಮಿಗ್-21ರ ಜಾಗಕ್ಕೆ ನಮ್ಮದೇ ಹಗುರ ಯುದ್ಧವಿಮಾನ ಬೇಕು ಅಂತ ಸರ್ಕಾರ 1983ರಲ್ಲಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮರುವರ್ಷ ಬೆಂಗಳೂರಿನಲ್ಲಿ ಅದಕ್ಕಾಗಿಯೇ ಎಡಿಎ ಎಂಬ ಸಂಸ್ಥೆ ಬಂತು. ಮೊದಲ ಮಾದರಿ ಶೆಡ್ಡಿನಿಂದ ಹೊರಬಂದದ್ದು 1995ರ ನವೆಂಬರಿನಲ್ಲಿ. ಹಾರಿದ್ದು 2001ರ ಜನವರಿ 4ರಂದು. ನಡುವೆ 1998ರಲ್ಲಿ ಪೋಖ್ರಾನ್ ಪರೀಕ್ಷೆ ಆಯಿತು. ಅಮೆರಿಕ ನಿರ್ಬಂಧ ಹಾಕಿತು, ಹಾರಾಟ ನಿಯಂತ್ರಣದ ಕೆಲಸಕ್ಕೆ ಅಲ್ಲಿಗೆ ಹೋಗಿದ್ದ ನಮ್ಮವರು ವಾಪಸ್ ಬರಬೇಕಾಯಿತು. ಇದಕ್ಕೆ ಅಂತಲೇ 1980ರ ದಶಕದ ಕೊನೆಯಲ್ಲಿ ಕೈಗೆತ್ತಿಕೊಂಡಿದ್ದ ಕಾವೇರಿ ಎಂಜಿನ್ ಬೇಕಾದಷ್ಟು ಶಕ್ತಿ ಕೊಡಲಿಲ್ಲ. 2008ರಲ್ಲಿ ಅದನ್ನು ತೇಜಸ್‌ನಿಂದ ಬೇರೆ ಮಾಡಿದರು. ಈ ವಿಮಾನದ ಮೊದಲ ಸ್ಕ್ವಾಡ್ರನ್ (ವಾಯುಪಡೆಯ ತುಕಡಿ) ಬೆಂಗಳೂರಿನಲ್ಲೇ ಶುರುವಾದದ್ದು 2016ರ ಜುಲೈ 1ಕ್ಕೆ. ಪೂರ್ತಿ ಕಾರ್ಯಾಚರಣೆಗೆ ಸಿದ್ಧ ಎಂಬ ಅನುಮತಿ ಸಿಕ್ಕಿದ್ದು 2019ರ ಫೆಬ್ರವರಿಯಲ್ಲಿ.

ಆರ್ಡರ್ ಹೇಗೆ ಬಂತು ನೋಡಿ, ನಮಗೆ ಬೇಕಾದ್ದು ಅದು. 2006ರಲ್ಲಿ ಇಪ್ಪತ್ತು ವಿಮಾನ. 2010ರಲ್ಲಿ ಇನ್ನೊಂದು ಇಪ್ಪತ್ತು. ಆಮೇಲೆ ಹತ್ತು ವರ್ಷ ಏನೂ ಇಲ್ಲ. 2021ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ಒಮ್ಮೆಲೇ ಎಂಬತ್ತಮೂರು.

ಇಪ್ಪತ್ತು, ಇಪ್ಪತ್ತು, ಸೊನ್ನೆ, ಎಂಬತ್ತಮೂರು. ತಡದ ಬಗ್ಗೆ ಮಾತಾಡುವವರು ತಾಂತ್ರಿಕ ವೈಫಲ್ಯದ ಬಗ್ಗೆ ಬಹಳ ಮಾತಾಡುತ್ತಾರೆ. ಆ ಸೊನ್ನೆಯ ಬಗ್ಗೆ ಯಾರೂ ಮಾತಾಡುವುದಿಲ್ಲ. ಈ ಪ್ರಕರಣ ಪೂರ್ತಿ ಆ ಸೊನ್ನೆಯದೇ.

ಘಟಕ

ಮಾಲೀಕರಿಗೆ ಐವತ್ತರ ಆಸುಪಾಸು. ಅವರ ಅಪ್ಪ ವಿಮಾನದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಮರುತ್ ಕಾಲದ ಮನುಷ್ಯ. ಜರ್ಮನಿಯ ಕುರ್ಟ್ ಟ್ಯಾಂಕ್ ವಿನ್ಯಾಸ ಮಾಡಿದ ಆ ವಿಮಾನ 1961ರಲ್ಲೇ ಬೆಂಗಳೂರಿನಲ್ಲಿ ಹಾರಿತ್ತು. ಒಡಲು ಚೆಂದ, ಆದರೆ ಅದಕ್ಕೆ ತಕ್ಕ ಎಂಜಿನ್ ಕೊನೆಗೂ ಸಿಗಲಿಲ್ಲ. 147 ಮಾಡಿ ನಿಲ್ಲಿಸಿದರು. 'ಎತ್ತಿನ ಗಾಡಿ ಮಾಡಿದ್ವಿ, ಎತ್ತು ಸಿಗಲಿಲ್ಲ' ಅಂತ ಅಪ್ಪ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರಂತೆ. ಮಗನಿಗೆ ಈ ಮಾತು ಬಾಯಿಪಾಠ. ಆದರೂ ಅದೇ ಗಾಡಿಗೆ ಕೈ ಹಾಕಿದರು.

ಅವರ ಹತ್ತಿರ ಕಂಪ್ಯೂಟರ್ ನಡೆಸುವ ಮೂರು ಸಿಎನ್‌ಸಿ ಮಷೀನು, ಹದಿನೈದಿಪ್ಪತ್ತು ಜನ. ಹೊಟ್ಟೆಪಾಡು ಕಾರಿನ ಬಿಡಿಭಾಗಗಳದ್ದು. 2017ರಲ್ಲಿ ನಡುವಿನ ಕಂಪನಿಯೊಂದು ಈ ಬ್ರಾಕೆಟ್ಟಿನ ಡ್ರಾಯಿಂಗ್ ತಂದು ಮುಂದಿಟ್ಟಿತು. ತೇಜಸ್‌ನ ಎರಡನೇ ಇಪ್ಪತ್ತರ ಕೆಲಸ. ದುಡ್ಡು ಅಷ್ಟಕ್ಕಷ್ಟೆ, ಕಾಗದಪತ್ರ ಜಾಸ್ತಿ. ಪ್ಲೇಟು ಕಂಪನಿಯೇ ಕೊಡುತ್ತದೆ, ಕೆಡಿಸಿದರೆ ಅದರ ಬೆಲೆ ಕಳೆಯುವ ಡೆಬಿಟ್ ನೋಟ್ ಬರುತ್ತದೆ. ಪ್ರತಿ ತುಂಡಿಗೂ ಹೀಟ್ ನಂಬರ್ (ಲೋಹ ಯಾವ ಎರಕದ್ದು ಎಂಬ ಗುರುತು), ಅದು ಯಾವ ಮಷೀನಿನಲ್ಲಿ ಯಾರ ಕೈಯಲ್ಲಿ ಆಯಿತು ಎಂಬ ದಾಖಲೆ ಬೇಕು. 'ಸುಮ್ನೆ ತಲೆನೋವು' ಅಂತ ನಾನೇ ಹೇಳಿದ್ದೆ. ಅವರು ಅಪ್ಪನ ಫೋಟೋ ಕಡೆ ನೋಡಿದರು. ಅಲ್ಲಿಗೆ ಚರ್ಚೆ ಮುಗಿಯಿತು.

ಕೆಲಸ ಎತ್ತಿ ನಿಲ್ಲಿಸಿದವರು ಅವರ ಹಿರಿಯ ಸೆಟ್ಟರ್, ಅಂದರೆ ಮಷೀನನ್ನು ಕೆಲಸಕ್ಕೆ ಹೊಂದಿಸುವವರು. ಎಸ್ಸೆಸ್ಸೆಲ್ಸಿ ಆದಮೇಲೆ ಐಟಿಐ ಓದಿ, ಮೂವತ್ತು ವರ್ಷ ಮಷೀನಿನ ಮುಂದೆ ನಿಂತವರು. ಮೂರು ತಿಂಗಳು ಒದ್ದಾಡಿ ಆ ಬ್ರಾಕೆಟ್ಟನ್ನು ಒಲಿಸಿಕೊಂಡರು. ಆಮೇಲೆ ಒಂದೂ ರಿಜೆಕ್ಷನ್ ಇಲ್ಲ. 2019ರ ಶುರುವಿನಲ್ಲಿ ಕೊನೆಯ ಮಾಲಿನ ಚಲನ್ ಹೋಯಿತು.

ಸೊನ್ನೆಯ ಕಾಲ

ಮುಂದಿನ ಆರ್ಡರ್ 'ಬರ್ತಾ ಇದೆ' ಅಂತ ನಡುವಿನ ಕಂಪನಿ ಹೇಳುತ್ತಲೇ ಇತ್ತು. ಆರು ತಿಂಗಳಾಯಿತು, ವರ್ಷವಾಯಿತು. 2020ರ ಮಾರ್ಚಿನಲ್ಲಿ ಲಾಕ್‌ಡೌನ್. ಕಾರಿನ ಕೆಲಸವೂ ನಿಂತಿತು. ಸೆಟ್ಟರ್‌ಗೆ ಪೂರ್ತಿ ಸಂಬಳ ಕೊಡಲು ಆಗಲಿಲ್ಲ. ಅವರು ಬೇರೆ ಕಡೆ, ಮೂಳೆಗೆ ಹಾಕುವ ಪ್ಲೇಟು-ಸ್ಕ್ರೂ ಮಾಡುವ ಒಂದು ಕಂಪನಿ ಸೇರಿಕೊಂಡರು. ಜಗಳವಿಲ್ಲ, ಮುನಿಸಿಲ್ಲ. ಕೊನೇ ದಿನ ಎಲ್ಲರಿಗೂ ಬೇಕರಿಯಿಂದ ಖಾರ ಬನ್ ತರಿಸಿ ಕೊಟ್ಟು ಹೋದರು. ಬ್ರಾಕೆಟ್ಟನ್ನು ಹಿಡಿದಿಡುವ ಫಿಕ್ಸ್ಚರನ್ನು ಗ್ರೀಸ್ ಹಚ್ಚಿ ಹಿಂದಿನ ಶೆಡ್ಡಿನಲ್ಲಿಟ್ಟರು. ಪ್ರೋಗ್ರಾಂ ಹಳೆ ಕಂಪ್ಯೂಟರಿನಲ್ಲಿ ಉಳಿಯಿತು.

ಸರಿಯಾಗಿ ಇದೇ ಹೊತ್ತಿಗೆ, ಸಾವಿರಾರು ಮೈಲಿ ಆಚೆ, ಇದೇ ಕಥೆ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿತ್ತು. ತೇಜಸ್‌ಗೆ ಹಾಕುವ ಎಫ್404 ಎಂಜಿನ್ ಅಮೆರಿಕದ ಜಿಇ ಕಂಪನಿಯದು. ಅದರ ತೇಜಸ್ ಮಾದರಿಯ 65 ಎಂಜಿನ್‌ಗಳನ್ನು 2016ರ ಹೊತ್ತಿಗೆ ಕೊಟ್ಟು ಮುಗಿಸಿತ್ತು. ಮುಂದಿನ ಆರ್ಡರ್ ಕಾಣಲಿಲ್ಲ. ಹಾಗಾಗಿ ಆ ಉತ್ಪಾದನಾ ಸಾಲನ್ನೇ ಮುಚ್ಚಿತು. 2021ರ ಆಗಸ್ಟಿನಲ್ಲಿ ಭಾರತ ಮತ್ತೆ 99 ಎಂಜಿನ್ ಬೇಕು ಅಂದಾಗ, ಐದು ವರ್ಷ ಮಲಗಿದ್ದ ಸಾಲನ್ನು ಎಬ್ಬಿಸಬೇಕಾಯಿತು. ಅದಕ್ಕೆ ಬಿಡಿಭಾಗ ಕೊಡುತ್ತಿದ್ದವರನ್ನು ಒಬ್ಬೊಬ್ಬರನ್ನಾಗಿ ಮತ್ತೆ ಒಟ್ಟು ಹಾಕಬೇಕಾಯಿತು, ಅದೂ ಕೋವಿಡ್ ನಡುವೆ. ನಮ್ಮ ಪತ್ರಿಕೆಗಳಲ್ಲಿ ಇದು 'ಅಮೆರಿಕದ ಕೈವಾಡ' ಎಂಬಂತೆಯೂ ಬಂತು. ಇರಬಹುದೇನೋ, ದೊಡ್ಡವರ ರಾಜಕೀಯ ನನಗೆ ತಿಳಿಯದು. ಆದರೆ ಪೀಣ್ಯದ ಆ ಹಿಂದಿನ ಶೆಡ್ಡು ನೋಡಿದವನಿಗೆ ಇದರಲ್ಲಿ ಕೈವಾಡ ಹುಡುಕುವ ಅಗತ್ಯ ಕಾಣುವುದಿಲ್ಲ. ಆರ್ಡರ್ ಇಲ್ಲದ ಕಡೆ ಜನ ನಿಲ್ಲುವುದಿಲ್ಲ, ಅಷ್ಟೆ.

ಮೊದಲ ತಿರುವು: ಟಿವಿ ನೋಡಿ ಮಾಡಿದ ಸಾಲ

2021ರ ಫೆಬ್ರವರಿ. ಎಂಬತ್ತಮೂರು ವಿಮಾನದ ಒಪ್ಪಂದಕ್ಕೆ ಸಹಿ ಬಿದ್ದದ್ದನ್ನು ಮಾಲೀಕರು ಟಿವಿಯಲ್ಲಿ ನೋಡಿದರು. ಸುಮಾರು 48 ಸಾವಿರ ಕೋಟಿ. ಮರುದಿನವೇ ನಡುವಿನ ಕಂಪನಿಯವರ ಫೋನು: 'ರೆಡಿಯಾಗಿರಿ ಸರ್, ಕೆಪಾಸಿಟಿ ಬೇಕಾಗುತ್ತೆ.' ಇವರು ಮನೆಪತ್ರ ಬ್ಯಾಂಕಿಗಿಟ್ಟು ಐದು ಅಕ್ಷಗಳಲ್ಲಿ ತಿರುಗಿ ಕೊರೆಯುವ ಒಂದು 'ಐದು ಆಕ್ಸಿಸ್' ಮಷೀನಿಗೆ ಸಾಲ ಮಾಡಿದರು. ಹೊಸ ಮಷೀನಿನಲ್ಲಿ ಬ್ರಾಕೆಟ್ಟನ್ನು ಒಂದೇ ಸಲ ಕಟ್ಟಿ, ಆರಂಭದಿಂದ ಕೊನೆಯವರೆಗೆ ಬಿಚ್ಚದೆ ಮುಗಿಸಬಹುದು. ಮೊದಲು ಮೂರು ಸಲ ಕಟ್ಟಬೇಕಿತ್ತು.

ನನ್ನ ಕಣ್ಣಿಗೆ ಇದೇ ಅವರ ದೊಡ್ಡ ತಪ್ಪು. ಮಷೀನು ತೆಗೆದುಕೊಂಡದ್ದಲ್ಲ, ತೆಗೆದುಕೊಂಡ ಹೊತ್ತು. ದೆಹಲಿಯ ಸಹಿಗೂ ಪೀಣ್ಯದ ಪಿಒಗೂ (ಖರೀದಿ ಆದೇಶಕ್ಕೂ) ನಡುವೆ ಎಷ್ಟು ಮೇಜು ಇವೆ ಅಂತ ಅವರು ಎಣಿಸಲಿಲ್ಲ. ಪಿಒ ಕೈಗೆ ಬರುವಷ್ಟರಲ್ಲಿ 2022 ಅರ್ಧ ಕಳೆದಿತ್ತು. ಅಷ್ಟು ತಿಂಗಳ ಇಎಂಐ ಕಾರಿನ ಕೆಲಸದಿಂದ, ಹೆಂಡತಿಯ ಒಡವೆಯಿಂದ ಹೋಯಿತು.

ಒಂಬತ್ತು ತುಂಡು

ಮೊದಲ ತುಂಡನ್ನು ಎಲ್ಲ ಅಳತೆಗಳೊಂದಿಗೆ ಒಪ್ಪಿಸಿ, ಒಪ್ಪಿಗೆ ಪಡೆದ ಮೇಲೆಯೇ ಉಳಿದದ್ದು. ಇದಕ್ಕೆ ಫಸ್ಟ್ ಆರ್ಟಿಕಲ್ ಅನ್ನುತ್ತಾರೆ. ಹೊಸ ಹುಡುಗ, ಹೊಸ ಮಷೀನು, ಹೊಸ ಪ್ರೋಗ್ರಾಂ. ಮಷೀನಿನ ಮೇಲೆ ಕಟ್ಟಿದ್ದಾಗಲೇ ಅಳೆದರೆ ನಾಲ್ಕೂ ರಂಧ್ರ ಸರಿಯಾಗಿವೆ. ಬಿಚ್ಚಿ ತಣ್ಣನೆಯ ರೂಮಿನಲ್ಲಿ ಸಿಎಂಎಂ ಎಂಬ ಅಳತೆ ಯಂತ್ರದ ಮೇಲಿಟ್ಟರೆ ಎರಡು ರಂಧ್ರ ಜರುಗಿವೆ. ಎಷ್ಟು? ಹೆಚ್ಚುಕಡಿಮೆ ಒಂದು ಕೂದಲೆಳೆ. ಡ್ರಾಯಿಂಗಿನಲ್ಲಿ ಅಷ್ಟಕ್ಕೂ ಜಾಗವಿಲ್ಲ.

ಟೂಲ್ ಬದಲಿಸಿದರು. ಸ್ಪೀಡ್ ಇಳಿಸಿದರು. ಮಷೀನಿನ ಕಂಪನಿಯಿಂದ ಎಂಜಿನಿಯರ್ ಬಂದು ಎರಡು ದಿನ ಕೂತು 'ಮಷೀನು ಪರ್ಫೆಕ್ಟ್' ಅಂತ ಬರೆದುಕೊಟ್ಟು ಹೋದ. ಪ್ಲೇಟಿನ ಮೇಲೆ ಅನುಮಾನ ಬಂತು, ಲ್ಯಾಬಿಗೆ ಕಳಿಸಿದರು, ಅದೂ ಸರಿಯಿತ್ತು. ಹೀಗೆ ಒಂಬತ್ತು ತುಂಡು ಹಾಳಾದವು. ಒಂಬತ್ತಕ್ಕೂ ಡೆಬಿಟ್ ನೋಟ್. ಮೂರು ತಿಂಗಳು ಹೋಯಿತು. ಡ್ರಾಯಿಂಗಿನ ಅಳತೆಯನ್ನೇ ಸಡಿಲಿಸಿ ಅಂತ ಕೇಳೋಣ ಎಂಬ ಮಾತು ಬಂದಾಗ ಆ ಅರ್ಜಿ ಬರೆಯಲು ಕೂತವನು ನಾನೇ. ಇಲ್ಲಿ ಒಂದು ಮಾತು. ಸರ್ಕಾರದ ಲೆಕ್ಕ ತಪಾಸಿಸುವ ಸಿಎಜಿ 2015ರ ವರದಿಯಲ್ಲಿ ತೇಜಸ್‌ನ ಮೊದಲ ಉತ್ಪಾದನಾ ಮಾದರಿ ಮಾರ್ಕ್-1ಕ್ಕೆ 53 ಕೊರತೆಗಳನ್ನು ಒಪ್ಪಿ ರಿಯಾಯಿತಿ ಕೊಟ್ಟದ್ದನ್ನು ಎತ್ತಿ ತೋರಿಸಿತ್ತು. ಓದಿದಾಗ 'ಛೆ, ಇಷ್ಟೊಂದಾ' ಅನ್ನಿಸಿತ್ತು. ಆ ಅರ್ಜಿ ಬರೆಯುವಾಗ ತಿಳಿಯಿತು, ರಿಯಾಯಿತಿ ಹುಟ್ಟುವುದು ಹೀಗೆ: ಸುಸ್ತಾದ ನಾಲ್ಕು ಜನ, ಆರಿದ ಟೀ, ಸಂಜೆ ಏಳು ಗಂಟೆ.

ಅರ್ಜಿ ಕಳಿಸಲಿಲ್ಲ. ಮಾಲೀಕರು ಇದ್ದಕ್ಕಿದ್ದಂತೆ ಎದ್ದು, ಸ್ಕೂಟರ್ ತೆಗೆದುಕೊಂಡು ದಾಸರಹಳ್ಳಿಯಲ್ಲಿದ್ದ ಹಳೆ ಸೆಟ್ಟರ್ ಮನೆಗೆ ಹೋದರು. ಹಿಂದೆ ನಾನೂ ಕೂತೆ.

ಎರಡನೇ ತಿರುವು: ದಾಸರಹಳ್ಳಿಯಲ್ಲಿ ಅರ್ಧ ಗಂಟೆ

ಸೆಟ್ಟರ್ ಆಗಷ್ಟೇ ಶಿಫ್ಟ್ ಮುಗಿಸಿ ಬಂದಿದ್ದರು. ಮಾಲೀಕರು ಚೀಲದಿಂದ ಹಾಳಾದ ಬ್ರಾಕೆಟ್ ತೆಗೆದು ಟೀಪಾಯಿ ಮೇಲಿಟ್ಟರು.

'ಅಣ್ಣ, ಇದು ಕೈಗೆ ಸಿಗ್ತಾ ಇಲ್ಲ.'

ಅವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಹೆಬ್ಬೆರಳಿನಿಂದ ಗೋಡೆ ಸವರಿದರು. ಸಾಕುದನವನ್ನು ಸವರಿದ ಹಾಗೆ.

'ರಫಿಂಗ್ ಆದ್ಮೇಲೆ ಬಿಚ್ಚಿ ಇಡ್ತೀರಾ ಸಾರ್?'

'ಯಾಕೆ ಬಿಚ್ಚೋದು? ಹೊಸ ಮಷೀನು. ಒಂದೇ ಸಲ ಕಟ್ಟಿ ಮುಗಿಸ್ತೀವಿ.'

'ಅಲ್ಲೇ ಎಡವಿರೋದು. ಇದನ್ನ ಬಿಚ್ಚಿ ಒಂದ್ ರಾತ್ರಿ ಮಲಗಿಸ್ಬೇಕು ಸಾರ್. ಒಳಗಿನ ಬಿಗಿ ಬಿಡುತ್ತೆ. ಬೆಳಿಗ್ಗೆ ಮೆತ್ತಗೆ ಕಟ್ಟಿ ಫಿನಿಶ್ ಮಾಡಿ.'

ವಿಷಯ ಇಷ್ಟೇ. ರಫಿಂಗ್ ಅಂದರೆ ಮೊದಲು ಒರಟಾಗಿ ಕೊರೆಯುವುದು, ಫಿನಿಶ್ ಅಂದರೆ ಕೊನೆಗೆ ಅಳತೆಗೆ ತರುವುದು. ದಪ್ಪ ಪ್ಲೇಟಿನೊಳಗೆ ಒಂದು ಬಿಗಿತ ಅಡಗಿರುತ್ತದೆ. ಹತ್ತರಲ್ಲಿ ಒಂಬತ್ತು ಪಾಲು ಕೊರೆದು ಹಾಕಿದಾಗ ಉಳಿದ ತೆಳು ಗೋಡೆ ಸೊಟ್ಟಗಾಗಲು ನೋಡುತ್ತದೆ. ಮಷೀನಿನ ಕ್ಲ್ಯಾಂಪ್ ಅದನ್ನು ಅದುಮಿ ಹಿಡಿದಿರುತ್ತದೆ. ಬಿಚ್ಚಿದ ಕೂಡಲೇ ಅದು ತನಗೆ ಬೇಕಾದಂತೆ ತಿರುಚಿಕೊಳ್ಳುತ್ತದೆ. ಹಳೆ ಮಷೀನಿನಲ್ಲಿ ಮೂರು ಸಲ ಕಟ್ಟಿ ಬಿಚ್ಚುವಾಗ ಈ ವಿಶ್ರಾಂತಿ ತಾನಾಗಿಯೇ ಸಿಗುತ್ತಿತ್ತು. ಸೆಟ್ಟರ್ ಅದನ್ನು ಗಮನಿಸಿ, ಬೇಕಂತಲೇ ಒಂದು ರಾತ್ರಿ ಇಡುವ ರೂಢಿ ಮಾಡಿಕೊಂಡಿದ್ದರು. ಹೊಸ ಮಷೀನಿನ ದೊಡ್ಡ ಗುಣ ಯಾವುದಿತ್ತೋ, ಅದೇ ಇಲ್ಲಿ ಮುಳ್ಳಾಯಿತು.

'ಇದನ್ನ ಎಲ್ಲೂ ಬರೀಲಿಲ್ವಲ್ಲ ಅಣ್ಣ?'

'ಯಾರೂ ಕೇಳ್ಲಿಲ್ವಲ್ಲ ಸಾರ್.'

ಪ್ರೋಸೆಸ್ ಶೀಟ್ ಬರೆಸಿದವನು ನಾನು. ಅದರಲ್ಲಿ ಸ್ಪೀಡು, ಫೀಡು, ಟೂಲ್ ನಂಬರು ಎಲ್ಲ ಇತ್ತು. 'ರಾತ್ರಿ ಸುಮ್ಮನೆ ಇಡುವುದು' ಒಂದು ಕೆಲಸ ಅಂತ ನನಗೆ ಹೊಳೆದೇ ಇರಲಿಲ್ಲ. ಆಡಿಟ್‌ಗೆ ಬಂದವರಿಗೂ ಹೊಳೆಯಲಿಲ್ಲ. ಹತ್ತನೇ ತುಂಡು ಪಾಸಾಯಿತು.

ಮತ್ತೆ ಕಾಯುವುದು

2023ರಲ್ಲಿ ಕೆಲಸ ಚೆನ್ನಾಗಿ ಸಾಗಿತು. ಒಪ್ಪಂದದ ಪ್ರಕಾರ ಮೊದಲ ವಿಮಾನಗಳು 2024ರ ಮಾರ್ಚ್ ಹೊತ್ತಿಗೆ ವಾಯುಪಡೆಗೆ ಸಿಗಬೇಕಿತ್ತು. ಆ ತಿಂಗಳ ಕೊನೆಗೆ ಈ ಎಂಬತ್ತಮೂರರ ಸುಧಾರಿತ ಮಾದರಿಯಾದ ಮಾರ್ಕ್-1ಎ ಮೊದಲ ಸಲ ಬೆಂಗಳೂರಿನ ಮೇಲೆ ಹಾರಿದ್ದೇನೋ ನಿಜ. ಆದರೆ ಹೊಸ ಎಂಜಿನ್ ಬರಲಿಲ್ಲ. ಎಂಜಿನ್ ಒಂದೇ ಕಾರಣವೂ ಅಲ್ಲ. ಹೊಸ ರೇಡಾರ್, ಎಲೆಕ್ಟ್ರಾನಿಕ್ ಯುದ್ಧ ಸಲಕರಣೆ, ಕ್ಷಿಪಣಿ ಹಾರಿಸುವ ಪರೀಕ್ಷೆ, ಎಲ್ಲವೂ ಒಂದಕ್ಕೊಂದು ತಗುಲಿಕೊಂಡಿದ್ದವು. ವಾಯುಪಡೆಗೆ 42 ಸ್ಕ್ವಾಡ್ರನ್ ಬೇಕು ಅಂತ ಲೆಕ್ಕ, ಇರುವುದು ಮೂವತ್ತರ ಆಸುಪಾಸಿಗೆ ಇಳಿದಿತ್ತು. 2025ರಲ್ಲಿ ವಾಯುಪಡೆಯ ಮುಖ್ಯಸ್ಥರು ಬಹಿರಂಗವಾಗಿಯೇ ಬೇಸರ ಹೇಳಿಕೊಂಡರು: ಹೊತ್ತಿಗೆ ಸರಿಯಾಗಿ ಮುಗಿದ ಯೋಜನೆ ಒಂದೂ ನೆನಪಾಗುತ್ತಿಲ್ಲ ಎಂಬರ್ಥದ ಮಾತು.

ಪೀಣ್ಯಕ್ಕೆ ಈ ಬೇಸರ ತಲುಪಿದ್ದು ಒಂದು ಸಾಲಿನ ಮೇಲ್ ಆಗಿ. 'ಮುಂದಿನ ಸೂಚನೆಯವರೆಗೆ ಮಾಲು ಕಳಿಸಬೇಡಿ.' ಮಾಡಿಟ್ಟ ಬ್ರಾಕೆಟ್‌ಗಳು ರ‍್ಯಾಕಿನಲ್ಲಿ ಕೂತವು. ಕಳಿಸಿದ್ದರ ಹಣವೂ ನಿಂತಿತು. ಸಣ್ಣ ಘಟಕಗಳಿಗೆ 45 ದಿನದೊಳಗೆ ಹಣ ಕೊಡಬೇಕು ಅಂತ 2006ರ ಕಾನೂನೇ ಇದೆ. ದೂರು ಕೊಡಲು ಸರ್ಕಾರದ ಪೋರ್ಟಲ್ಲೂ ಇದೆ. 'ದೂರು ಕೊಟ್ಟರೆ ದುಡ್ಡು ಬರುತ್ತೆ, ಮುಂದಿನ ಪಿಒ ಬರಲ್ಲ' ಅಂದರು ಮಾಲೀಕರು. ನನ್ನ ಹತ್ತಿರ ಉತ್ತರವಿರಲಿಲ್ಲ. ಅವರು ದೂರು ಕೊಡಲಿಲ್ಲ. ಹಣ ಬಂದದ್ದು ಒಂಬತ್ತನೇ ತಿಂಗಳಿಗೆ.

ಮೂರನೇ ತಿರುವು ಇಲ್ಲಿದೆ. ಮೂರು ದಾರಿ ಇದ್ದವು. ಮಷೀನು ಮಾರಿ ಸಾಲ ತೀರಿಸುವುದು. ಹೇಗೋ ಹಲ್ಲು ಕಚ್ಚಿ ಕಾಯುವುದು. ಇಲ್ಲವೇ ಮಷೀನಿಗೆ ಬೇರೆ ಕೆಲಸ ಹುಡುಕುವುದು. ನಾನು ಮಾರಿ ಅಂದೆ. ಅವರು ಮೂರನೆಯದನ್ನು ಹಿಡಿದರು, ಅದಕ್ಕೆ ದಾರಿ ಮಾಡಿಕೊಟ್ಟವರೂ ಹಳೆ ಸೆಟ್ಟರೇ. ತಮ್ಮ ಈಗಿನ ಕಂಪನಿಯಿಂದ ಮೂಳೆಪ್ಲೇಟಿನ ಹೊರಗುತ್ತಿಗೆ ಕೆಲಸ ಕೊಡಿಸಿದರು. ಅದೂ ತೆಳು, ಅದಕ್ಕೂ ಕಾಗದಪತ್ರ ಜಾಸ್ತಿ. ವಿಮಾನದ ಕೆಲಸದಲ್ಲಿ ಕಲಿತ ಶಿಸ್ತು ಅಲ್ಲಿ ಸೀದಾ ಉಪಯೋಗಕ್ಕೆ ಬಂತು. ಮಷೀನಿನ ಹೊತ್ತಿನಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ರಕ್ಷಣಾ ಕೆಲಸಕ್ಕೆ ಕೊಡುವುದಿಲ್ಲ ಅಂತ ಮಾಲೀಕರು ನಿಯಮ ಮಾಡಿಕೊಂಡರು. ದೇಶಭಕ್ತಿಯ ಲೆಕ್ಕದಲ್ಲಿ ಇದು ಕಡಿಮೆ ಅನ್ನಿಸಬಹುದು. ಆದರೆ ಆ ಘಟಕ ಇವತ್ತಿಗೂ ಬಾಗಿಲು ತೆಗೆದಿದೆ ಅಂದರೆ ಅದು ಈ ನಿಯಮದಿಂದ.

ಅವರ ಇನ್ನೊಂದು ತೀರ್ಮಾನಕ್ಕೆ ನಾನು ನಕ್ಕಿದ್ದೆ. ಆರ್ಡರ್ ಇರಲಿ, ಬಿಡಲಿ, ತಿಂಗಳಿಗೆ ಒಂದು ಬ್ರಾಕೆಟ್ ಮಾಡುವುದು. ಪ್ಲೇಟು ತಮ್ಮದೇ ದುಡ್ಡಿನದು, ಮಾಡಿದ್ದು ಯಾರಿಗೂ ಮಾರುವಂತಿಲ್ಲ. ಪ್ರತಿ ತಿಂಗಳೂ ಬೇರೆ ಹುಡುಗ ಮಾಡಬೇಕು. ರಫಿಂಗ್, ಬಿಚ್ಚಿ ಮಲಗಿಸುವುದು, ಫಿನಿಶ್, ಸಿಎಂಎಂ. ಫೇಲಾದರೆ ಯಾಕೆ ಅಂತ ಕನ್ನಡದಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಬೇಕು. 'ದುಡ್ಡು ದಂಡ ಅಲ್ವಾ ಸರ್' ಅಂದೆ. 'ಒಂಬತ್ತು ಡೆಬಿಟ್ ನೋಟ್‌ಗಿಂತ ಕಡಿಮೆ' ಅಂದರು.

ಎಂಜಿನ್ ಬಂದ ಮೇಲೆ

99ರಲ್ಲಿ ಮೊದಲ ಎಂಜಿನ್ ಜಿಇ ಕೊಟ್ಟದ್ದು 2025ರ ಮಾರ್ಚಿನಲ್ಲಿ. ಬೇಸಿಗೆ ಕಳೆಯುವಷ್ಟರಲ್ಲಿ ಪೀಣ್ಯಕ್ಕೆ ಮತ್ತೆ ಮೇಲ್ ಬಂತು. ಈ ಸಲ 'ಅರ್ಜೆಂಟ್' ಅಂತ. ಹೊಸ ಲಾಟಿನ ಮೊದಲ ತುಂಡು ಮಾಡಿದವನು ಸೇರಿ ಒಂದೂವರೆ ವರ್ಷವಾಗಿದ್ದ ಹುಡುಗ, ಹಾವೇರಿ ಕಡೆಯವನು. ಮೊದಲ ಸಲಕ್ಕೇ ಪಾಸ್.

ಆ ವರ್ಷದ ಸೆಪ್ಟೆಂಬರ್ 25ಕ್ಕೆ ಸರ್ಕಾರ ಇನ್ನೂ 97 ತೇಜಸ್‌ಗೆ ಸಹಿ ಹಾಕಿತು, 62 ಸಾವಿರ ಕೋಟಿಗೂ ಮೇಲೆ. ಮರುದಿನ ಚಂಡೀಗಢದಲ್ಲಿ ಮಿಗ್-21 ಕೊನೆಯ ಸಲ ಹಾರಿ ನಿವೃತ್ತಿಯಾಯಿತು. ಮೊದಲ 83ರಲ್ಲಿ ಒಂದೂ ವಾಯುಪಡೆಯ ಕೈಸೇರದೆ ಇನ್ನೂ 97 ಯಾಕೆ ಅಂತ ಬಹಳ ಜನ ಆಡಿಕೊಂಡರು. ಕೇಳಿದರೆ ನ್ಯಾಯವಾದ ಪ್ರಶ್ನೆಯೇ. ನನ್ನ ಅಭಿಪ್ರಾಯ ಬೇರೆ. ಈ ಸಲ ಒಂದು ಆರ್ಡರ್ ಮುಗಿಯುವ ಮೊದಲೇ ಇನ್ನೊಂದು ಕೈಯಲ್ಲಿದೆ. ನವೆಂಬರಿನಲ್ಲಿ ಇನ್ನೂ 113 ಎಂಜಿನ್‌ಗೂ ಒಪ್ಪಂದವಾಯಿತು. ತಡಕ್ಕೆ ಕಾರಣರಾದವರನ್ನು ಕೇಳಲೇಬೇಕು, ದಂಡ ಹಾಕಲೇಬೇಕು. ಆದರೆ ಸಿಟ್ಟಿಗೆ ಆರ್ಡರ್ ನಿಲ್ಲಿಸಿದರೆ ಮತ್ತೆ ಅದೇ ಸೊನ್ನೆ, ಮತ್ತೆ ಅದೇ ಒಂಬತ್ತು ತುಂಡು.

ಘಟಕದ ಲೆಕ್ಕಪುಸ್ತಕ ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ. ಮನೆಪತ್ರ ಬ್ಯಾಂಕಿನಲ್ಲೇ ಇದೆ. ಸೆಟ್ಟರ್ ವಾಪಸ್ ಬರಲಿಲ್ಲ. ಭಾನುವಾರ ಬೆಳಿಗ್ಗೆ ಎರಡು ಗಂಟೆ ಬಂದು ಹುಡುಗರ ಜೊತೆ ನಿಲ್ಲುತ್ತಾರೆ, ಅದಕ್ಕೆ ಬೇರೆ ಸಂಬಳವುಂಟು.

ಹೋದ ಸಲ ನಾನು ಅಲ್ಲಿಗೆ ಹೋದಾಗ ಸಂಜೆಯಾಗಿತ್ತು. ರ‍್ಯಾಕಿನ ಮೇಲೆ ಅರ್ಧ ಮುಗಿದ ಆರು ಬ್ರಾಕೆಟ್ ಸಾಲಾಗಿದ್ದವು. ಪ್ರತಿಯೊಂದರ ಕೆಳಗೂ ಒಂದು ಚೀಟಿ, ಅದರ ಮೇಲೆ ಬಿಚ್ಚಿದ ಗಂಟೆ. ನಾನು ಒಂದನ್ನು ಎತ್ತಿಕೊಳ್ಳಲು ಹೋದೆ.

'ಮುಟ್ಬೇಡಿ ಸರ್' ಅಂದ ಹಾವೇರಿಯ ಹುಡುಗ. 'ಮಲಗವೆ.'